ಕಾವಲಿಗಿದ್ದ ಕಂಪನಿಯೇ ಮಾರಾಟವಾದಾಗ

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ನಡೆಯಿತು. ಕ್ಯಾಸ್ಪರ್‌ಸ್ಕಿ ಆಂಟಿವೈರಸ್ ಬಳಸುತ್ತಿದ್ದವರು ಕಂಪ್ಯೂಟರ್ ಆನ್ ಮಾಡಿ ನೋಡಿದರೆ ಕ್ಯಾಸ್ಪರ್‌ಸ್ಕಿ ಮಾಯ. ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ, ಹಿಂದೆಂದೂ ಹೆಸರು ಕೇಳದ ಸಾಫ್ಟ್‌ವೇರ್ ಬಂದು ಕೂತಿತ್ತು. ಅದನ್ನು ಅವರು ಡೌನ್‌ಲೋಡ್ ಮಾಡಿರಲಿಲ್ಲ, ಯಾವ ಬಟನ್ನೂ ಒತ್ತಿರಲಿಲ್ಲ. ವೈರಸ್ಸೇ ನುಗ್ಗಿದೆ ಅಂತ ಹಲವರು ಗಾಬರಿಯಾದರು.

ಆಗಿದ್ದು ಇಷ್ಟು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯನ್ನು ನಿಷೇಧಿಸಿತು. ಸೆಪ್ಟೆಂಬರ್ 29ರ ನಂತರ ಅಪ್‌ಡೇಟ್ ಕೊಡುವಂತಿರಲಿಲ್ಲ. ಕಂಪನಿ ಅಲ್ಲಿನ ತನ್ನ ಗ್ರಾಹಕರನ್ನು ಪ್ಯಾಂಗೊ ಎಂಬ ಇನ್ನೊಂದು ಕಂಪನಿಗೆ ಒಪ್ಪಿಸಿತು. ಮುಂಚೆಯೇ ಇಮೇಲ್ ಹೋಗಿತ್ತು, ನಿಜ. ಆದರೆ ಹಳೆಯದು ತನ್ನನ್ನು ತಾನೇ ಅಳಿಸಿಕೊಂಡು, ಹೊಸದನ್ನು ಹಾಕಿ ಹೋಗುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿರಲಿಲ್ಲ.

ಇದು ಇಡೀ ಕಂಪನಿಯ ಮಾರಾಟವಲ್ಲ, ಗ್ರಾಹಕರ ವರ್ಗಾವಣೆ ಮಾತ್ರ. ಆದರೂ ಸೈಬರ್ ಭದ್ರತೆಯ ವ್ಯಾಪಾರದಲ್ಲಿ ಯಜಮಾನ ಬದಲಾದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಫೋಟೊ ತಿದ್ದುವ ಆ್ಯಪ್ ಮಾರಾಟವಾದರೆ ಬೇರೆ ಆ್ಯಪ್ ಹಾಕಿಕೊಂಡರಾಯಿತು. ಆಂಟಿವೈರಸ್ ಹಾಗಲ್ಲ. ಅದು ಕಂಪ್ಯೂಟರಿನ ತೀರಾ ಒಳಗೆ, ಕರ್ನಲ್ ಮಟ್ಟದಲ್ಲಿ ಕೂತಿರುತ್ತದೆ. ಎಲ್ಲ ಫೈಲುಗಳನ್ನೂ ಓದುತ್ತದೆ. ಯಾವ ಪ್ರೋಗ್ರಾಂ ಓಡಬೇಕು, ಯಾವುದು ಓಡಬಾರದು ಅಂತ ಅದೇ ತೀರ್ಮಾನ ಮಾಡುತ್ತದೆ. ನಿಮ್ಮನ್ನು ಕೇಳದೆಯೇ ಮತ್ತೆ ಮತ್ತೆ ಅಪ್‌ಡೇಟ್ ಆಗುತ್ತದೆ. ಇಷ್ಟು ಅಧಿಕಾರವನ್ನು ನೀವು ಕೊಟ್ಟಿದ್ದು ಒಂದು ಕಂಪನಿಯನ್ನು ನಂಬಿ. ಕಂಪನಿ ಮಾರಾಟವಾದರೆ ಆ ಅಧಿಕಾರವೂ ಅದರ ಜೊತೆಗೇ ಹೋಗುತ್ತದೆ. ಕಾವಲುಗಾರನನ್ನು ನಂಬಿ ಮನೆಯ ಬೀಗದಕೈ ಕೊಟ್ಟಿದ್ದೀರಿ, ಒಂದು ದಿನ ಅದು ನಿಮಗೆ ಪರಿಚಯವೇ ಇಲ್ಲದವರ ಜೇಬಿನಲ್ಲಿರುತ್ತದೆ.

ಹಾಗಂತ ಎಲ್ಲ ಖರೀದಿಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೆಲವು ಒಳ್ಳೆಯದನ್ನೇ ಮಾಡಿವೆ, ಅದನ್ನೂ ನೋಡೋಣ. ಆದರೆ ಈ ವ್ಯಾಪಾರದಲ್ಲಿ ಕೊಳ್ಳುವವರು, ಮಾರುವವರು, ಬಂಡವಾಳ ಹಾಕಿದವರು ಎಲ್ಲರ ಮಾತೂ ನಡೆಯುತ್ತದೆ. ಯಾರ ಕಂಪ್ಯೂಟರಿನಲ್ಲಿ ಆ ಸಾಫ್ಟ್‌ವೇರ್ ಓಡುತ್ತಿದೆಯೋ ಅವರ ಮಾತು ಮಾತ್ರ ಎಲ್ಲೂ ಬರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಇಷ್ಟೊಂದು ಖರೀದಿ ಯಾಕೆ?

ಮೊದಲು ಮೊತ್ತ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಸ್ಪ್ಲಂಕ್ ಕಂಪನಿಯನ್ನು ಸುಮಾರು 2,800 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಿಸ್ಕೊ ಹೇಳಿತು. ಮುಂದಿನ ಮಾರ್ಚ್‌ಗೆ ವ್ಯವಹಾರ ಮುಗಿಯಿತು. 2025ರ ಮಾರ್ಚ್‌ನಲ್ಲಿ ಗೂಗಲ್ 3,200 ಕೋಟಿ ಡಾಲರಿಗೆ ಕ್ಲೌಡ್ ಭದ್ರತೆಯ ವಿಜ್ ಕಂಪನಿಯನ್ನು ಕೊಳ್ಳುವ ಒಪ್ಪಂದ ಘೋಷಿಸಿತು. ಅದೇ ವರ್ಷ ಜುಲೈನಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಎಂಬ ಭದ್ರತಾ ಕಂಪನಿ ಸುಮಾರು 2,500 ಕೋಟಿ ಡಾಲರಿಗೆ ಸೈಬರ್‌ಆರ್ಕ್ ಕೊಳ್ಳುವುದಾಗಿ ಹೇಳಿತು.

ಇದಕ್ಕೆ ಕಾರಣ ಈ ಉದ್ಯಮದ ಸ್ವಭಾವದಲ್ಲೇ ಇದೆ. ಕಳ್ಳರು ಕೆಲವು ವರ್ಷಕ್ಕೊಮ್ಮೆ ಹೊಸ ದಾರಿ ಹುಡುಕುತ್ತಾರೆ. ಕಂಪನಿಗಳೆಲ್ಲ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆಯವರ ಸರ್ವರ್‌ಗಳಿಗೆ ಹೋದರೆ ಅವರೂ ಅಲ್ಲಿಗೆ ಹೋಗುತ್ತಾರೆ. ಆ ಹೊಸ ದಾರಿಗೆ ಮೊದಲು ತಡೆ ಕಟ್ಟುವುದು ಸಾಮಾನ್ಯವಾಗಿ ನಾಲ್ಕೈದು ಜನ ಸೇರಿ ಶುರು ಮಾಡಿದ ಸಣ್ಣ ಕಂಪನಿ. ದೊಡ್ಡವರು ತಾವೇ ಅದನ್ನು ಕಟ್ಟಲು ಹೊರಟರೆ ವರ್ಷಗಳು ಬೇಕು, ಕೊಂಡುಕೊಂಡರೆ ಬೇಗ ಆಗುತ್ತದೆ.

ವಿಜ್ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅದನ್ನು ಕಟ್ಟಿದ ಇಸ್ರೇಲಿನ ತಂಡ ಅದಕ್ಕೂ ಮುಂಚೆ ಅಡಾಲಮ್ ಎಂಬ ಕಂಪನಿ ಕಟ್ಟಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, ಬೆಲೆ ಸುಮಾರು 32 ಕೋಟಿ ಡಾಲರ್ ಅಂತ ಆಗ ವರದಿಯಾಗಿತ್ತು. ತಂಡ ಕೆಲವು ವರ್ಷ ಮೈಕ್ರೋಸಾಫ್ಟ್‌ನಲ್ಲಿ ದುಡಿಯಿತು. 2020ರಲ್ಲಿ ಹೊರಬಂದು ವಿಜ್ ಶುರು ಮಾಡಿತು. ಅದರ ಬೆಲೆ ಮೊದಲಿನದರ ನೂರು ಪಟ್ಟು. ಅಡಾಲಮ್‌ನ ಉತ್ಪನ್ನ ಇವತ್ತಿಗೂ ಬೇರೆ ಹೆಸರಿನಲ್ಲಿ ಮೈಕ್ರೋಸಾಫ್ಟ್ ಬಳಿ ಇದೆ, ಕಟ್ಟಿದ ಜನ ಇಲ್ಲ. ಭದ್ರತೆ ಕಂಪನಿಯನ್ನು ಕೊಂಡವರಿಗೆ ಕೋಡ್ ಸಿಗುತ್ತದೆ, ಗ್ರಾಹಕರ ಪಟ್ಟಿ ಸಿಗುತ್ತದೆ. ಜನರನ್ನು ಮಾತ್ರ ಕೆಲವು ವರ್ಷದ ಮಟ್ಟಿಗೆ ಹಿಡಿದಿಟ್ಟುಕೊಳ್ಳಬಹುದು ಅಷ್ಟೇ. ಷೇರುಗಳು ಕಂತು ಕಂತಾಗಿ ಕೈಗೆ ಬರುವ ತನಕ ಇರುತ್ತಾರೆ, ಆಮೇಲೆ ಹೊರಡುತ್ತಾರೆ.

ಗ್ರಾಹಕರ ಕಡೆಯಿಂದಲೂ ಒತ್ತಡ ಇದೆ. ಒಂದು ದೊಡ್ಡ ಬ್ಯಾಂಕಿನಲ್ಲಿ ಭದ್ರತೆಗೆಂದೇ ಹತ್ತಾರು ಸಾಫ್ಟ್‌ವೇರ್ ಇರುತ್ತವೆ. ಒಂದೊಂದಕ್ಕೂ ಬೇರೆ ಸ್ಕ್ರೀನ್, ಬೇರೆ ರಿನ್ಯೂವಲ್ ತಾರೀಖು, ಬೇರೆ ಸಪೋರ್ಟ್ ನಂಬರ್. ಎಲ್ಲ ಒಂದೇ ಕಡೆ ಸಿಕ್ಕರೆ ಸಾಕಪ್ಪ ಅನ್ನುವ ಸುಸ್ತು ನಿಜವಾದದ್ದು. ಅದಕ್ಕೇ ಮಾರುವವರ ಬಾಯಲ್ಲಿ ಈಗ 'ಪ್ಲಾಟ್‌ಫಾರ್ಮ್' ಅನ್ನುವ ಮಾತು ಜಾಸ್ತಿ. ಬಿಡಿ ಬಿಡಿಯಾಗಿ ಕೊಳ್ಳಬೇಡಿ, ಎಲ್ಲವನ್ನೂ ನಮ್ಮಿಂದಲೇ ತೆಗೆದುಕೊಳ್ಳಿ ಅಂತ ಅದರ ಅರ್ಥ.

ಇನ್ನೊಂದು ಬಗೆಯ ಖರೀದಿದಾರರು ಪ್ರೈವೇಟ್ ಈಕ್ವಿಟಿ ಫಂಡ್‌ಗಳು, ಅಂದರೆ ಹೂಡಿಕೆದಾರರ ದುಡ್ಡು ಸೇರಿಸಿ ಕಂಪನಿಗಳನ್ನೇ ಕೊಂಡು ಮಾರುವವರು. ಇವರ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಥೋಮಾ ಬ್ರಾವೊ ಎಂಬ ಒಂದೇ ಫಂಡ್ 2020ರಲ್ಲಿ ಸೋಫೋಸ್, 2021ರಲ್ಲಿ ಪ್ರೂಫ್‌ಪಾಯಿಂಟ್, 2022ರಲ್ಲಿ ಸೇಲ್‌ಪಾಯಿಂಟ್ ಮತ್ತು ಪಿಂಗ್ ಐಡೆಂಟಿಟಿ, 2023ರಲ್ಲಿ ಫೋರ್ಜ್‌ರಾಕ್, 2024ರಲ್ಲಿ ಡಾರ್ಕ್‌ಟ್ರೇಸ್ ಕಂಪನಿಯನ್ನು ಕೊಂಡಿತು. ಪ್ರೂಫ್‌ಪಾಯಿಂಟ್ ಒಂದಕ್ಕೇ ಸುಮಾರು 1,230 ಕೋಟಿ ಡಾಲರ್. ಇಂಥ ಖರೀದಿಯಲ್ಲಿ ದುಡ್ಡಿನ ಒಂದು ಭಾಗ ಸಾಲ. ಆ ಸಾಲ ಸಾಮಾನ್ಯವಾಗಿ ಕೊಂಡ ಕಂಪನಿಯ ಲೆಕ್ಕಕ್ಕೇ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಖರ್ಚು ಇಳಿಸಿ, ಲಾಭ ಏರಿಸಿ, ಮತ್ತೆ ಮಾರಬೇಕು. ಮುಚ್ಚಿಹೋಗುತ್ತಿದ್ದ ಕಂಪನಿ ಇದರಿಂದ ಉಳಿದುಕೊಳ್ಳಬಹುದು, ಶಿಸ್ತು ಬರಬಹುದು. ಆದರೆ ಭದ್ರತೆಯ ಕೆಲಸದಲ್ಲಿ ಯಾವುದು ಅನಗತ್ಯ ಖರ್ಚು ಅಂತ ಹೊರಗಿನವರಿಗೆ ತಿಳಿಯುವುದು ಕಷ್ಟ. ಒಂದೇ ಕಳ್ಳರ ಗುಂಪಿನ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿರುವ ಸಂಶೋಧಕಿ ಈ ತಿಂಗಳು ಎಷ್ಟು ಆದಾಯ ತಂದರು ಅಂತ ಕೇಳಿದರೆ ಉತ್ತರ ಸೊನ್ನೆ. ಆ ಗುಂಪು ದಾಳಿ ಮಾಡಿದ ದಿನ ಮಾತ್ರ ಅವರ ಬೆಲೆ ಗೊತ್ತಾಗುವುದು.

ಸರಪಳಿಯಂತೆ ಸಾಗುವ ಖರೀದಿಗಳೂ ಇವೆ. ವೆನಾಫಿ ಎಂಬ ಕಂಪನಿಯನ್ನು ನೋಡಿ. 2020ರ ಕೊನೆಯಲ್ಲಿ ಥೋಮಾ ಬ್ರಾವೊ ಅದರ ಬಹುಪಾಲು ಹಿಡಿಯಿತು. 2024ರಲ್ಲಿ ಸೈಬರ್‌ಆರ್ಕ್ ಅದನ್ನು ಕೊಂಡಿತು. 2025ರಲ್ಲಿ ಸೈಬರ್‌ಆರ್ಕ್ ಅನ್ನೇ ಕೊಳ್ಳಲು ಪಾಲೊ ಆಲ್ಟೊ ಮುಂದಾಯಿತು. ಗ್ರಾಹಕರು ಎದ್ದು ಎಲ್ಲಿಗೂ ಹೋಗಿಲ್ಲ, ಬಿಲ್ಲಿನ ಮೇಲಿನ ಹೆಸರು ಮಾತ್ರ ಬದಲಾಗುತ್ತಲೇ ಇದೆ.

ಒಂದೇ ಕುರ್ಚಿ, ನಾಲ್ಕು ಐಡಿ ಕಾರ್ಡ್

ಈ ಎಲ್ಲ ಪರಿಣಾಮಗಳನ್ನೂ ಒಂದೇ ಕಡೆ ನೋಡಬೇಕೆಂದರೆ ಮ್ಯಾಕಾಫೀ ಕಥೆ ಓದಬೇಕು.

2010ರ ಆಗಸ್ಟ್‌ನಲ್ಲಿ ಇಂಟೆಲ್ 768 ಕೋಟಿ ಡಾಲರ್ ಕೊಟ್ಟು ಮ್ಯಾಕಾಫೀ ಕೊಳ್ಳುವುದಾಗಿ ಹೇಳಿತು. ಚಿಪ್ ಮಾಡುವ ಕಂಪನಿಗೆ ಆಂಟಿವೈರಸ್ ಯಾಕೆ ಅಂತ ಬಹಳ ಜನ ಕೇಳಿದರು. ಭದ್ರತೆಯನ್ನು ಚಿಪ್‌ನೊಳಗೇ ಕೂರಿಸುತ್ತೇವೆ ಅನ್ನುವುದು ಇಂಟೆಲ್ ವಾದ. ಕೇಳಲು ಚೆನ್ನಾಗಿತ್ತು. 2014ರಲ್ಲಿ ಮ್ಯಾಕಾಫೀ ಹೆಸರನ್ನು ಪಕ್ಕಕ್ಕಿಟ್ಟು 'ಇಂಟೆಲ್ ಸೆಕ್ಯುರಿಟಿ' ಅಂತ ಕರೆದರು. ಆದರೆ ಎರಡು ವ್ಯಾಪಾರಗಳ ಲಯವೇ ಬೇರೆ. ಚಿಪ್ ವರ್ಷಗಟ್ಟಲೆ ಯೋಚಿಸಿ ಮಾಡುವ ವಸ್ತು. ಆಂಟಿವೈರಸ್ ಬೆಳಿಗ್ಗೆ ಬಂದ ಹೊಸ ವೈರಸ್ಸಿಗೆ ಸಂಜೆಯೊಳಗೆ ಉತ್ತರ ಕೊಡಬೇಕಾದ ಕೆಲಸ. 2016ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಬಹುಪಾಲನ್ನು ಟಿಪಿಜಿ ಎಂಬ ಫಂಡ್‌ಗೆ ಕೊಟ್ಟಿತು. ಆಗ ಇಡೀ ಕಂಪನಿಗೆ ಕಟ್ಟಿದ ಬೆಲೆ 420 ಕೋಟಿ ಡಾಲರ್. ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

2017ರಲ್ಲಿ ಮ್ಯಾಕಾಫೀ ಹೆಸರು ವಾಪಸ್ ಬಂತು. 2020ರಲ್ಲಿ ಮತ್ತೆ ಷೇರು ಪೇಟೆಗೆ ಹೋಯಿತು. 2021ರಲ್ಲಿ ಕಂಪನಿಯನ್ನು ಎರಡು ಮಾಡಿದರು. ಆಫೀಸುಗಳಿಗೆ ಮಾರುವ ವಿಭಾಗ 400 ಕೋಟಿ ಡಾಲರಿಗೆ ಎಸ್‌ಟಿಜಿ ಎಂಬ ಫಂಡ್‌ಗೆ ಹೋಯಿತು. ಮನೆ ಬಳಕೆಯ ವಿಭಾಗವನ್ನು ಇನ್ನೊಂದು ಹೂಡಿಕೆದಾರರ ಗುಂಪು ಕೊಂಡಿತು.

ಇದೇ ಹೊತ್ತಿಗೆ ಎಸ್‌ಟಿಜಿ ಕೈಗೆ ಇನ್ನೊಂದು ಹೆಸರಾಂತ ಕಂಪನಿಯ ಅರ್ಧ ಬಂತು, ಫೈರ್‌ಐ. ಈ ಕಥೆ ಹೇಳಲೇಬೇಕು. 2020ರ ಕೊನೆಯಲ್ಲಿ ಫೈರ್‌ಐನ ಭದ್ರತಾ ತಂಡದ ಕಣ್ಣಿಗೆ ಒಂದು ಸಣ್ಣ ಅಲರ್ಟ್ ಬಿತ್ತು. ಒಬ್ಬ ಉದ್ಯೋಗಿಯ ಹೆಸರಿನಲ್ಲಿ, ಲಾಗಿನ್ ಖಚಿತಪಡಿಸಲು ಎರಡನೆಯ ಫೋನ್ ನೋಂದಣಿಯಾಗಿತ್ತು. ಇಂಥ ಅಲರ್ಟ್ ಯಾವುದೇ ಕಂಪನಿಯಲ್ಲಿ ಸುಮ್ನೆ ಬಂದು ಹೋಗುತ್ತಿರುತ್ತದೆ. ಅವರು ಬಿಡಲಿಲ್ಲ. ಆ ಉದ್ಯೋಗಿಗೆ ಫೋನ್ ಮಾಡಿ, ಇದು ನಿಮ್ಮದಾ ಅಂತ ಕೇಳಿದರು. ಅಲ್ಲ ಅಂದರು. ಆ ಎಳೆ ಹಿಡಿದು ಹೋದಾಗ ಸಿಕ್ಕಿದ್ದು ಸೋಲಾರ್‌ವಿಂಡ್ಸ್ ದಾಳಿ. ಅಮೆರಿಕದ ಸರ್ಕಾರಿ ಇಲಾಖೆಗಳೊಳಗೇ ತಿಂಗಳುಗಟ್ಟಲೆ ಅಡಗಿದ್ದ ಗೂಢಚಾರರು ಬಯಲಾದರು.

ಆ ಕಣ್ಣಿಗೆ ಬೆಲೆ ಕಟ್ಟಲು ಬರುತ್ತದೆಯೇ? ಆರು ತಿಂಗಳೊಳಗೆ ಕಟ್ಟಿದರು. 2021ರ ಜೂನ್‌ನಲ್ಲಿ ಫೈರ್‌ಐ ತನ್ನ ಉತ್ಪನ್ನಗಳನ್ನೂ ಆ ಹೆಸರನ್ನೂ 120 ಕೋಟಿ ಡಾಲರಿಗೆ ಎಸ್‌ಟಿಜಿಗೆ ಮಾರಿತು. ದಾಳಿ ನಡೆದಲ್ಲಿಗೆ ಹೋಗಿ ತನಿಖೆ ಮಾಡುವ ಮ್ಯಾಂಡಿಯಂಟ್ ತಂಡ ಬೇರೆಯಾಗಿ ಉಳಿಯಿತು. 2022ರಲ್ಲಿ ಗೂಗಲ್ ಆ ತಂಡವನ್ನು 540 ಕೋಟಿ ಡಾಲರಿಗೆ ಕೊಂಡಿತು. ಹಾರ್ಡ್‌ವೇರ್ ಪೆಟ್ಟಿಗೆಗಳು, ಸಾಫ್ಟ್‌ವೇರು, ಬ್ರ್ಯಾಂಡು ಎಲ್ಲ ಸೇರಿ 120 ಕೋಟಿ. ಜನ ಮತ್ತು ಅವರ ತಿಳಿವಳಿಕೆಗೆ ಅದರ ನಾಲ್ಕೂವರೆ ಪಟ್ಟು. ಪೇಟೆಯೇ ಹೇಳಿದ ಲೆಕ್ಕ ಇದು.

ಆದರೆ ಫೈರ್‌ಐ ಕೊಂಡಿದ್ದ ಗ್ರಾಹಕರಿಗೆ ಎರಡೂ ಒಟ್ಟಿಗೆ ಬೇಕಿತ್ತು. ತನಿಖೆಯಲ್ಲಿ ಕಂಡಿದ್ದು ನೇರವಾಗಿ ಉತ್ಪನ್ನದೊಳಗೆ ಬರುತ್ತದೆ ಅನ್ನುವುದೇ ಅದರ ಹೆಗ್ಗಳಿಕೆಯಾಗಿತ್ತು. ಈಗ ತನಿಖೆ ಗೂಗಲ್ ಬಳಿ, ಉತ್ಪನ್ನ ಇನ್ನೊಬ್ಬರ ಬಳಿ. 2022ರ ಜನವರಿಯಲ್ಲಿ ಎಸ್‌ಟಿಜಿ ಮ್ಯಾಕಾಫೀಯ ಆಫೀಸ್ ವಿಭಾಗವನ್ನೂ ಫೈರ್‌ಐ ಉತ್ಪನ್ನಗಳನ್ನೂ ಸೇರಿಸಿ ಟ್ರೆಲಿಕ್ಸ್ ಅಂತ ಹೆಸರಿಟ್ಟಿತು. ಕ್ಲೌಡ್ ಭಾಗವನ್ನು ಬೇರೆ ಮಾಡಿ ಸ್ಕೈಹೈ ಸೆಕ್ಯುರಿಟಿ ಅಂತ ಕರೆಯಿತು.

ಮ್ಯಾಕಾಫೀಗೆ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರ ಇತ್ತು. 2010ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ, ಎಲ್ಲಿಗೂ ಹೋಗದೆ ಉಳಿದ ಒಬ್ಬ ಎಂಜಿನಿಯರನ್ನು ಊಹಿಸಿಕೊಳ್ಳಿ. ಐಡಿ ಕಾರ್ಡಿನಲ್ಲಿ ಮೊದಲು ಮ್ಯಾಕಾಫೀ, ಆಮೇಲೆ ಇಂಟೆಲ್, ಮತ್ತೆ ಮ್ಯಾಕಾಫೀ, ಕೊನೆಗೆ ಟ್ರೆಲಿಕ್ಸ್ ಅಥವಾ ಸ್ಕೈಹೈ. ಪ್ರತಿ ಸಲವೂ ಹೊಸ ಎಚ್ಆರ್ ಪಾಲಿಸಿ, ಹೊಸ ಇಮೇಲ್ ವಿಳಾಸ, ಹೊಸ ಮ್ಯಾನೇಜರು. ಯಾವ ಉತ್ಪನ್ನ ಉಳಿಯುತ್ತದೆ, ಯಾವುದಕ್ಕೆ ಎಂಡ್ ಆಫ್ ಲೈಫ್ ಅಂತ ಬರೆಯುತ್ತಾರೆ ಅನ್ನುವ ಚಿಂತೆ ಬೇರೆ. ಇಂಥ ದಿನಗಳಲ್ಲಿ ಮೊದಲು ಬಿಟ್ಟು ಹೋಗುವವರು ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವವರು, ಅಂದರೆ ತಂಡದ ಅತ್ಯಂತ ಜಾಣರು. ಕೋಡಿನಲ್ಲಿ ಈ ಸಾಲು ಯಾಕಿದೆ ಅಂತ ಗೊತ್ತಿದ್ದವರು ಹೋದ ಮೇಲೆ ಉಳಿದವರು ಅದನ್ನು ಮುಟ್ಟಲು ಹೆದರುತ್ತಾರೆ. ಉತ್ಪನ್ನ ಅಲ್ಲಿಗೇ ನಿಲ್ಲುತ್ತದೆ. ಹೊರಗಿನವರಿಗೆ ಇದು ತಕ್ಷಣ ಕಾಣುವುದಿಲ್ಲ. ಒಂದೆರಡು ವರ್ಷ ಹಳೆಯ ಹೆಸರಿನ ಮೇಲೆ ವ್ಯಾಪಾರ ಸಾಗುತ್ತದೆ.

ಬೆಂಗಳೂರಿಗೆ ಇದೊಂದೇ ನಂಟಲ್ಲ. ಇಲ್ಲಿಂದ ದೊಡ್ಡ ಮಟ್ಟದಲ್ಲಿ ಕೆಲಸ ಮಾಡುತ್ತಿದ್ದ ಪಾಲಾಡಿಯನ್ ಎಂಬ ಭದ್ರತಾ ಕಂಪನಿಯನ್ನು 2020ರಲ್ಲಿ ಫ್ರಾನ್ಸಿನ ಆಟೋಸ್ ಕೊಂಡಿತು. ಕೊಳ್ಳುವವರ ಸಾಲಿನಲ್ಲೂ ನಮ್ಮವರಿದ್ದಾರೆ. ವಿಪ್ರೊ 2021ರ ಕೊನೆಯಲ್ಲಿ ಅಮೆರಿಕದ ಎಡ್ಜೈಲ್ ಅನ್ನು 23 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಇನ್ಫೋಸಿಸ್ 2025ರಲ್ಲಿ ಆಸ್ಟ್ರೇಲಿಯಾದ ದ ಮಿಸ್ಸಿಂಗ್ ಲಿಂಕ್ ಅನ್ನು ಕೊಂಡಿತು.

ಮನೆಯ ಕಂಪ್ಯೂಟರಿನಲ್ಲಿ

ಇದೆಲ್ಲ ದೊಡ್ಡ ಕಂಪನಿಗಳ ವಿಷಯ, ನಮಗೇನು ಅನ್ನಿಸಬಹುದು. ಹಾಗಾದರೆ ಈ ಹೆಸರುಗಳನ್ನು ನೋಡಿ: ನಾರ್ಟನ್, ಅವಾಸ್ಟ್, ಎವಿಜಿ, ಅವೀರಾ, ಸಿಕ್ಲೀನರ್. ನಮ್ಮಲ್ಲಿ ಕಂಪ್ಯೂಟರ್ ಬಳಸಿದ ಹೆಚ್ಚಿನವರು ಇವುಗಳಲ್ಲಿ ಒಂದನ್ನಾದರೂ ಹಾಕಿಕೊಂಡಿರುತ್ತಾರೆ. ಇವತ್ತು ಇವೆಲ್ಲದರ ಯಜಮಾನ ಒಬ್ಬನೇ, ಜೆನ್ ಡಿಜಿಟಲ್. ಅವಾಸ್ಟ್ 2016ರಲ್ಲಿ ಎವಿಜಿಯನ್ನು, 2017ರಲ್ಲಿ ಸಿಕ್ಲೀನರ್ ಮಾಡುವ ಪಿರಿಫಾರ್ಮ್ ಅನ್ನು ಕೊಂಡಿತು. ನಾರ್ಟನ್ ಕಂಪನಿ ಮೊದಲು ಅವೀರಾವನ್ನು, 2022ರಲ್ಲಿ ಅವಾಸ್ಟ್ ಅನ್ನೇ ಕೊಂಡಿತು. ಅವಾಸ್ಟ್ ಬೇಸರವಾಗಿ ತೆಗೆದು ಎವಿಜಿ ಹಾಕಿಕೊಂಡವರು ಕಂಪನಿ ಬದಲಾಯಿಸಿದ್ದೇವೆ ಅಂದುಕೊಂಡಿರುತ್ತಾರೆ. ಬದಲಾಗಿದ್ದು ಐಕಾನ್ ಮಾತ್ರ.

ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ನಾರ್ಟನ್–ಅವಾಸ್ಟ್ ವ್ಯವಹಾರವನ್ನು ವಿವರವಾಗಿ ತನಿಖೆ ಮಾಡಿತ್ತು. ಕೊನೆಗೆ ಒಪ್ಪಿಗೆ ಕೊಟ್ಟಿತು. ವಿಂಡೋಸ್ ಜೊತೆ ಪುಕ್ಕಟೆ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಚೆನ್ನಾಗಿ ಸುಧಾರಿಸಿದೆ, ಹಾಗಾಗಿ ಪೈಪೋಟಿ ಉಳಿಯುತ್ತದೆ ಅನ್ನುವುದು ಅದು ಕೊಟ್ಟ ಮುಖ್ಯ ಕಾರಣಗಳಲ್ಲೊಂದು.

ಅವಾಸ್ಟ್ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ಜಂಪ್‌ಶಾಟ್ ಪ್ರಕರಣ. ಜಂಪ್‌ಶಾಟ್ ಅನ್ನುವುದು ಕಂಪ್ಯೂಟರಿನ ಕಸ ಗುಡಿಸುವ ಸಾಫ್ಟ್‌ವೇರ್ ಮಾಡುತ್ತಿದ್ದ ಸಣ್ಣ ಕಂಪನಿ. 2013ರಲ್ಲಿ ಅವಾಸ್ಟ್ ಅದನ್ನು ಕೊಂಡು, ಡೇಟಾ ಮಾರುವ ಕಂಪನಿಯನ್ನಾಗಿ ಬದಲಾಯಿಸಿತು. ಆಂಟಿವೈರಸ್ ಮತ್ತು ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಮೂಲಕ ಜನ ಯಾವ ವೆಬ್‌ಸೈಟಿಗೆ ಹೋಗುತ್ತಾರೆ ಅನ್ನುವ ಮಾಹಿತಿ ಸಂಗ್ರಹವಾಗಿ, ಜಂಪ್‌ಶಾಟ್ ಮೂಲಕ ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಾಟವಾಯಿತು. ಟ್ರ್ಯಾಕ್ ಮಾಡುವವರಿಂದ ನಿಮ್ಮನ್ನು ಕಾಪಾಡುತ್ತೇವೆ ಅನ್ನುತ್ತಲೇ ಇದು ನಡೆದಿತ್ತು. ಪತ್ರಕರ್ತರು ಬಯಲು ಮಾಡಿದ ಮೇಲೆ 2020ರ ಜನವರಿಯಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿ, ಜಾಹೀರಾತಿಗಾಗಿ ಇಂಥ ಡೇಟಾ ಮಾರಬಾರದು ಅಂತ ತಾಕೀತು ಮಾಡಿತು. ಅಷ್ಟರಲ್ಲಿ ಅವಾಸ್ಟ್ ಬೇರೆಯವರ ಪಾಲಾಗಿ ಒಂದೂವರೆ ವರ್ಷ ಕಳೆದಿತ್ತು.

ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ವಿಪಿಎನ್‌ಗಳ ಲೋಕದಲ್ಲೂ ಇದೇ ಮಾತು. ಕೇಪ್ ಟೆಕ್ನಾಲಜೀಸ್ ಎಂಬ ಕಂಪನಿ ಸೈಬರ್‌ಘೋಸ್ಟ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಎರಡನ್ನೂ ಕೊಂಡು, 2021ರಲ್ಲಿ 93.6 ಕೋಟಿ ಡಾಲರಿಗೆ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನೂ ಕೊಂಡಿತು. ಕೇಪ್‌ನ ಹಳೆಯ ಹೆಸರು ಕ್ರಾಸ್‌ರೈಡರ್. ಅದರ ತಂತ್ರಜ್ಞಾನವನ್ನು ಬ್ರೌಸರಿಗೆ ಜಾಹೀರಾತು ತುರುಕುವವರು ಬಳಸುತ್ತಿದ್ದರು ಅನ್ನುವ ಕೆಟ್ಟ ಹೆಸರು ಅದಕ್ಕಿತ್ತು. ಅದೇ 2021ರಲ್ಲಿ ಕೇಪ್ ಇನ್ನೊಂದು ಕಂಪನಿಯನ್ನೂ ಕೊಂಡಿತು. ಯಾವ ವಿಪಿಎನ್ ಒಳ್ಳೆಯದು ಅಂತ ವಿಮರ್ಶೆ ಬರೆಯುವ ವೆಬ್‌ಸೈಟುಗಳ ಮಾಲೀಕ ಅದು. ಅಂಕ ಕೊಡುವವರು, ಅಂಕ ತೆಗೆದುಕೊಳ್ಳುವವರು ಒಂದೇ ಮನೆಯವರಾದರೆ ಆ ಅಂಕವನ್ನು ನಂಬುವುದು ಹೇಗೆ, ಅಲ್ವಾ?

ಕಂಪನಿಯ ಜೊತೆ ಕಳ್ಳರೂ ಬಂದರೆ

ಸಿಕ್ಲೀನರ್ ಮಾಡುವ ಪಿರಿಫಾರ್ಮ್ ಲಂಡನ್ನಿನ ಸಣ್ಣ ಕಂಪನಿ. 2017ರ ಮಾರ್ಚ್‌ನಲ್ಲಿ, ಬೆಳಗಿನ ಜಾವ 5 ಗಂಟೆಗೆ, ಯಾರೂ ಇಲ್ಲದ ಹೊತ್ತಿನಲ್ಲಿ ಒಬ್ಬ ಡೆವಲಪರ್‌ನ ಕಂಪ್ಯೂಟರಿಗೆ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಳಸುವ ಟೀಮ್‌ವ್ಯೂವರ್ ಮೂಲಕ ಯಾರೋ ಲಾಗಿನ್ ಆದರು. ಪಾಸ್‌ವರ್ಡ್ ಅವರಿಗೆ ಮೊದಲೇ ಗೊತ್ತಿತ್ತು. ಮರುದಿನ ಇನ್ನೊಂದು ಕಂಪ್ಯೂಟರಿಗೂ ಹೋದರು. ಆಮೇಲೆ ಸದ್ದಿಲ್ಲದೆ ಕಾದರು.

ಜುಲೈನಲ್ಲಿ ಅವಾಸ್ಟ್ ಪಿರಿಫಾರ್ಮ್ ಅನ್ನು ಕೊಂಡಿತು. ಕೊಳ್ಳುವ ಮುಂಚೆ ಲೆಕ್ಕಪತ್ರ ನೋಡುತ್ತಾರೆ, ಒಪ್ಪಂದಗಳನ್ನು ಓದುತ್ತಾರೆ. ನೆಟ್‌ವರ್ಕಿನಲ್ಲಿ ಕಳ್ಳರು ಕೂತಿದ್ದಾರಾ ಅನ್ನುವುದು ಕಣ್ಣಿಗೆ ಬೀಳಲಿಲ್ಲ. ಕೊಂಡವರೇ ಜಗತ್ತಿನ ದೊಡ್ಡ ಭದ್ರತಾ ಕಂಪನಿಗಳಲ್ಲಿ ಒಂದು, ನೆನಪಿರಲಿ. ಆಗಸ್ಟ್‌ನಲ್ಲಿ ಹೊರಬಂದ ಸಿಕ್ಲೀನರ್‌ನ ಹೊಸ ಆವೃತ್ತಿಯೊಳಗೆ ಕಳ್ಳರ ಕೋಡ್ ಸೇರಿತ್ತು. ಕಂಪನಿಯ ಅಸಲಿ ಡಿಜಿಟಲ್ ಸಹಿಯೂ ಇತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. 22.7 ಲಕ್ಷ ಕಂಪ್ಯೂಟರುಗಳಿಗೆ ಅದು ಹೋಯಿತು. ಆದರೆ ಕಳ್ಳರಿಗೆ ಬೇಕಿದ್ದದ್ದು ಬೆರಳೆಣಿಕೆಯಷ್ಟು ಮಾತ್ರ. ಎರಡನೆಯ ಹಂತದ ಕೋಡ್ ತಲುಪಿದ್ದು ದೊಡ್ಡ ದೊಡ್ಡ ತಂತ್ರಜ್ಞಾನ ಕಂಪನಿಗಳ 40 ಕಂಪ್ಯೂಟರುಗಳಿಗೆ.

ಸೆಪ್ಟೆಂಬರ್‌ನಲ್ಲಿ ಇದನ್ನು ಜಗತ್ತಿಗೆ ತಿಳಿಸಿದವರಲ್ಲಿ ಸಿಸ್ಕೊದ ಟಾಲೋಸ್ ತಂಡವೂ ಒಂದು. ಈ ತಂಡದ ಬೇರು ಇರುವುದು ಸೋರ್ಸ್‌ಫೈರ್ ಎಂಬ ಕಂಪನಿಯಲ್ಲಿ. ಸಿಸ್ಕೊ ಅದನ್ನು 2013ರಲ್ಲಿ 270 ಕೋಟಿ ಡಾಲರಿಗೆ ಕೊಂಡಿತ್ತು. ಅಲ್ಲಿ ಸಿಸ್ಕೊ ಮಾಡಿದ್ದು ಬೇರೆ. ಸೋರ್ಸ್‌ಫೈರ್‌ನ ಸಂಶೋಧಕರನ್ನು ಒಡೆಯಲಿಲ್ಲ. ತನ್ನ ಇತರ ತಂಡಗಳನ್ನು ಅವರ ಜೊತೆ ಸೇರಿಸಿ ದೊಡ್ಡದು ಮಾಡಿತು. ಸೋರ್ಸ್‌ಫೈರ್ ಬಳಿ ಇದ್ದ, ಎಲ್ಲರೂ ಪುಕ್ಕಟೆ ಬಳಸುತ್ತಿದ್ದ ಸ್ನಾರ್ಟ್ (ದಾಳಿ ಪತ್ತೆ ಮಾಡುವುದು) ಮತ್ತು ಕ್ಲ್ಯಾಮ್‌ಎವಿ (ಆಂಟಿವೈರಸ್) ಇವತ್ತಿಗೂ ಓಪನ್ ಸೋರ್ಸ್ ಆಗಿಯೇ, ಅಂದರೆ ಕೋಡ್ ಎಲ್ಲರಿಗೂ ಸಿಗುವಂತೆಯೇ ಇವೆ. 2012ರಲ್ಲಿ ಗೂಗಲ್ ಕೊಂಡ ವೈರಸ್‌ಟೋಟಲ್ ಕೂಡ ಹಾಗೇ. ಅನುಮಾನದ ಫೈಲನ್ನು ಅಲ್ಲಿ ಹಾಕಿ, ಹತ್ತಾರು ಆಂಟಿವೈರಸ್‌ಗಳು ಏನನ್ನುತ್ತವೆ ಅಂತ ಯಾರು ಬೇಕಾದರೂ ಈಗಲೂ ನೋಡಬಹುದು. ಕೊಂಡವರಿಗೆ ಆ ಕೆಲಸವೇ ಬೇಕಿದ್ದರೆ ಖರೀದಿ ಚೆನ್ನಾಗಿ ನಡೆಯುತ್ತದೆ. ಗ್ರಾಹಕರ ಪಟ್ಟಿಯಷ್ಟೇ ಬೇಕಿದ್ದರೆ ಕೆಡುತ್ತದೆ. ಇಷ್ಟು ವರ್ಷಗಳ ಖರೀದಿಗಳನ್ನು ಗಮನಿಸಿ ನಾನು ಕಂಡುಕೊಂಡ ವ್ಯತ್ಯಾಸ ಇದು.

ರಾತ್ರಿ ಪಾಳಿಯವರ ಕಷ್ಟ

ಬ್ಯಾಂಕು, ಆಸ್ಪತ್ರೆ, ಐಟಿ ಕಂಪನಿಗಳಲ್ಲಿ ದಿನದ 24 ಗಂಟೆಯೂ ಅಲರ್ಟ್ ನೋಡುತ್ತಾ ಕೂರುವ ತಂಡಗಳಿರುತ್ತವೆ. ಅವರ ಮುಖ್ಯ ಸಲಕರಣೆಗೆ ಸೀಮ್ ಅನ್ನುತ್ತಾರೆ. ಎಲ್ಲ ಕಂಪ್ಯೂಟರ್, ಸರ್ವರ್, ಫೈರ್‌ವಾಲ್‌ಗಳ ಲಾಗ್‌ಗಳು, ಅಂದರೆ ಯಾವಾಗ ಏನು ನಡೆಯಿತು ಅನ್ನುವ ದಾಖಲೆಗಳು, ಅಲ್ಲಿಗೆ ಬಂದು ಸೇರುತ್ತವೆ. ಐಬಿಎಂನ ಕ್ಯೂರೇಡಾರ್ ಬಹಳ ಕಡೆ ಬಳಕೆಯಲ್ಲಿದ್ದ ಸೀಮ್. ಐಬಿಎಂಗೆ ಅದು ಬಂದಿದ್ದೂ 2011ರ ಒಂದು ಖರೀದಿಯಿಂದಲೇ. 2024ರ ಮೇನಲ್ಲಿ ಅದರ ಕ್ಲೌಡ್ ಆವೃತ್ತಿಯನ್ನು ಪಾಲೊ ಆಲ್ಟೊಗೆ ಮಾರುವುದಾಗಿ ಐಬಿಎಂ ಹೇಳಿತು. ಬೆಲೆ 50 ಕೋಟಿ ಡಾಲರ್. ಆ ಗ್ರಾಹಕರನ್ನು ತನ್ನ ಕಾರ್ಟೆಕ್ಸ್ ಉತ್ಪನ್ನಕ್ಕೆ ಕರೆದೊಯ್ಯುವುದು ಪಾಲೊ ಆಲ್ಟೊ ಉದ್ದೇಶ. ಕ್ಯೂರೇಡಾರನ್ನು ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಂಡವರಿಗೆ ಐಬಿಎಂ ಸಪೋರ್ಟ್ ಮುಂದುವರಿಯಿತು.

ಸ್ಥಳಾಂತರ ಅಂತ ಪ್ರೆಸೆಂಟೇಶನ್‌ನಲ್ಲಿ ಒಂದು ಸಾಲು ಬರೆಯುವುದು ಸುಲಭ. ಮಾಡುವವರ ಪಾಡು ನೋಡಿ. ನಮ್ಮ ಬ್ಯಾಂಕಿನ ಬ್ಯಾಕಪ್ ರಾತ್ರಿ 2 ಗಂಟೆಗೆ ನಡೆಯುತ್ತದೆ, ಆಗ ಇಷ್ಟು ಡೇಟಾ ಹೊರಗೆ ಹೋದರೆ ಅಲರ್ಟ್ ಬೇಡ. ಆದರೆ ಅದೇ ಡೇಟಾ ಈ ಒಂದು ಸರ್ವರ್‌ನಿಂದ ಹೋದರೆ ತಕ್ಷಣ ಎಬ್ಬಿಸಬೇಕು. ಇಂಥ ನೂರಾರು ರೂಲ್‌ಗಳನ್ನು ತಂಡ ವರ್ಷಗಳಿಂದ ತಿದ್ದಿ ತಿದ್ದಿ ಬರೆದಿರುತ್ತದೆ. ಹೊಸ ಸೀಮ್‌ನ ಭಾಷೆ ಬೇರೆ. ಎಲ್ಲವನ್ನೂ ಮತ್ತೆ ಬರೆಯಬೇಕು, ಪರೀಕ್ಷಿಸಬೇಕು. ಕೆಲವು ರೂಲ್ ಬರೆದವರು ಕೆಲಸ ಬಿಟ್ಟಿರುತ್ತಾರೆ. ಆ ತಿಂಗಳುಗಳಲ್ಲಿ ಎರಡೂ ಸೀಮ್ ಜೊತೆಯಾಗಿ ಓಡಬೇಕು, ಎರಡಕ್ಕೂ ದುಡ್ಡು ಕೊಡಬೇಕು, ಎರಡೂ ಸ್ಕ್ರೀನ್ ನೋಡಬೇಕು. ಏನಾದರೂ ಕಣ್ತಪ್ಪಿ ಹೋಗುವುದಿದ್ದರೆ ಆಗಲೇ.

ಭಾರತದಲ್ಲಿ ಇನ್ನೊಂದು ಗಂಟಿದೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್‌-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಸೀಮ್ ಬದಲಾಯಿಸಿದಿರಿ ಅಂತ ಹಳೆಯ ಲಾಗ್ ಬಿಸಾಡುವಂತಿಲ್ಲ. ಅದು ಇದ್ದರೆ ಸಾಲದು, ಬೇಕಾದಾಗ ಹುಡುಕಲು ಬರಬೇಕು. ಎಲ್ಲೋ ಇಬ್ಬರು ಕಂಪನಿ ಮುಖ್ಯಸ್ಥರು ಕೈ ಕುಲುಕಿದ್ದಕ್ಕೆ ಇಲ್ಲಿ ರಾತ್ರಿ ಪಾಳಿಯ ತಂಡ ತಿಂಗಳುಗಟ್ಟಲೆ ಇದನ್ನು ಹೊರಬೇಕು.

ಸಣ್ಣ ಗ್ರಾಹಕರಿಗೆ ಇನ್ನೊಂದು ಬಗೆಯ ಪೆಟ್ಟು. 2019ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ 1,070 ಕೋಟಿ ಡಾಲರ್ ಕೊಟ್ಟು ಸಿಮ್ಯಾಂಟೆಕ್‌ನ ಆಫೀಸ್ ವ್ಯವಹಾರ ಕೊಂಡಿತು. ನಮ್ಮ ಗಮನ ಜಗತ್ತಿನ ಅತಿ ದೊಡ್ಡ 2,000 ಕಂಪನಿಗಳ ಮೇಲೆ ಅಂತ ಬಾಯಿಬಿಟ್ಟೇ ಹೇಳಿತು. ಆ ಪಟ್ಟಿಯಲ್ಲಿಲ್ಲದ ಗ್ರಾಹಕರು ರಿನ್ಯೂವಲ್‌ಗೆ ದರಪಟ್ಟಿ ಸಿಗದೆ, ಸಪೋರ್ಟ್ ಸಿಗದೆ ಒದ್ದಾಡಿದರು. ಗ್ರಾಹಕರ ನೆಟ್‌ವರ್ಕ್‌ಗಳನ್ನು ಕಾಯುವ ಸಿಮ್ಯಾಂಟೆಕ್‌ನ ಸೇವಾ ವಿಭಾಗವನ್ನು ಬ್ರಾಡ್‌ಕಾಮ್ ಕೆಲವೇ ವಾರಗಳಲ್ಲಿ ಆ್ಯಕ್ಸೆಂಚರ್‌ಗೆ ಮಾರಿತು. ಇಲ್ಲೂ ಜನ ಒಂದು ಕಡೆ, ಉತ್ಪನ್ನ ಇನ್ನೊಂದು ಕಡೆ.

ನಿಮ್ಮ ಕೈಯಲ್ಲಿ ಏನಿದೆ?

ಆಫೀಸಿನವರಾದರೆ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಮಾತಾಡಬೇಕು. ಕಂಪನಿ ಮಾರಾಟವಾದರೆ ದಂಡವಿಲ್ಲದೆ ಹೊರಬರುವ ಹಕ್ಕು ಒಪ್ಪಂದದಲ್ಲಿ ಇರಲಿ. ನಮ್ಮ ಡೇಟಾ ನಮಗೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ವಾಪಸ್ ಸಿಗುತ್ತದೆ ಅನ್ನುವುದನ್ನು ಬರೆಸಿಕೊಳ್ಳಿ. ಮಾರಾಟದ ಸುದ್ದಿ ಬಂದ ಮೇಲೆ ಕೇಳಿದರೆ ಸಿಗುವುದು ಸಮಾಧಾನದ ಮಾತು ಮಾತ್ರ. ಪತ್ತೆಯ ರೂಲ್‌ಗಳನ್ನು ಸಿಗ್ಮಾ ಅನ್ನುವ ಮುಕ್ತ ಮಾದರಿಯಲ್ಲಿ ಬರೆದಿಟ್ಟುಕೊಂಡರೆ ಬೇರೆ ಬೇರೆ ಸೀಮ್‌ಗಳಿಗೆ ಪರಿವರ್ತಿಸಬಹುದು. ಲಾಗ್‌ಗಳ ಒಂದು ಪ್ರತಿ ನಿಮ್ಮದೇ ಜಾಗದಲ್ಲಿ ಇರಲಿ. ಖರ್ಚು ಜಾಸ್ತಿಯೇ. ಸೀಮ್ ಕಂಪನಿ ಕೈ ಬದಲಾದ ವರ್ಷ ಆ ಖರ್ಚಿನ ಬೆಲೆ ತಿಳಿಯುತ್ತದೆ.

ಮನೆಯವರಿಗೆ ಕೆಲಸ ಕಡಿಮೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇನ್‌ಸ್ಟಾಲ್ ಆದ ಪ್ರೋಗ್ರಾಂಗಳ ಪಟ್ಟಿ ತೆರೆಯಿರಿ. ಪ್ರತಿ ಹೆಸರಿನ ಪಕ್ಕ ಪ್ರಕಾಶಕರು ಯಾರು ಅಂತ ಇರುತ್ತದೆ. ಆಂಟಿವೈರಸ್, ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, ಈ ಮೂರನ್ನು ಮಾತ್ರ ನೋಡಿ, ಕಂಪನಿ ಈಗ ಯಾರ ಕೈಯಲ್ಲಿದೆ ಅಂತ ಹುಡುಕಿ. ಬಳಸದೇ ಬಿಟ್ಟದ್ದನ್ನು ತೆಗೆದುಹಾಕಿ. ಬಹಳ ಮನೆಗಳಿಗೆ ವಿಂಡೋಸ್ ಜೊತೆ ಬರುವ ಡಿಫೆಂಡರ್ ಸಾಕು. ಪಾಸ್‌ವರ್ಡ್ ಮ್ಯಾನೇಜರ್ ಬದಲಾಯಿಸುವುದಾದರೆ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ ಹೊಸದಕ್ಕೆ ಹಾಕಿ, ಸರಿಯಾಗಿ ಬಂದಿದೆಯಾ ನೋಡಿ. ಆಮೇಲೆ ಹಳೆಯ ಖಾತೆಯನ್ನೇ ಅಳಿಸಿ. ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಸಾಮಾನ್ಯವಾಗಿ ಬರಿಗಣ್ಣಿಗೆ ಕಾಣುವಂತೆಯೇ ಇರುತ್ತವೆ, ಅದನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿಟ್ಟು ಎದ್ದು ಹೋಗಬೇಡಿ.